ಮುಳುಗಿದ್ದ ಗುಡಿಯಲ್ಲಿ ಒಂದು ಸೋಬಾನೆ

ನಾವು ನಾಲ್ವರು ನಾಲ್ಕು ತಾಲ್ಲೂಕಿನವರು: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಪತ್ರಿಕೋದ್ಯಮ ಓದುವಾಗ ಜೊತೆಯಾದವರು. ಕಳೆದ ಭಾನುವಾರ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಗೆ ಹೋಗಿದ್ದೆವು. "ನಂದೂ ಒಂದ್ ಸೀಟ್ ಇರ್ಲಿ ಕನ್ರಪ್ಪ" ಅಂತ ಪಾಂಡವಪುರದ ಗೆಳೆಯನ ಅಜ್ಜಿಯೂ ಹೊರಟರು.

ಗುಡಿಯ ಕತೆ ನಮ್ಮ ಕಡೆಯವರಿಗೆ ಹೊಸದಲ್ಲ. ಹೊಯ್ಸಳರ ಕಾಲದ್ದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮುಂದೆ ನೀರು ನಿಂತಾಗ ಹಳೇ ಊರೂ ಗುಡಿಯೂ ಮುಳುಗಿದವು, ಜನ ಮೇಲೆ ಬಂದು ಹೊಸ ಊರು ಕಟ್ಟಿಕೊಂಡರು. ಮಳೆ ಕೈಕೊಟ್ಟ ವರ್ಷ ಮಾತ್ರ ಗುಡಿ ಹಿನ್ನೀರಿನಿಂದ ಮೇಲೇಳುತ್ತಿತ್ತು. ಗುಡಿ ಕಂಡಿತೆಂದರೆ ಗದ್ದೆಗೆ ನೀರಿಲ್ಲ ಎಂದೇ ಲೆಕ್ಕ. ಆಮೇಲೆ ಖೋಡೆ ಪ್ರತಿಷ್ಠಾನದವರು ಒಂದೊಂದು ಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಎತ್ತರದ ದಡಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು.

ನಾವು ಹೋದಾಗ ಕಂಬಕ್ಕೊಂದು ಸೆಲ್ಫಿ ನಡೆದಿತ್ತು. ಸುಳ್ಳೇಕೆ, ನಾವೂ ತೆಗೆದುಕೊಂಡೆವು. ಅಜ್ಜಿ ಕೈಸಾಲೆಯ ಕಂಬಕ್ಕೆ ಒರಗಿ ಕುಳಿತರು.

"ನಮ್ಮತ್ತೆ ಮದ್ವೆಯಾಗಿ ಬಂದಿದ್ದು ಹಳೇ ಊರ್‍ಗೆ. ನೀರ್ ಬತ್ತದೆ ಅಂತ ಎಲ್ಲಾ ಬುಟ್ಟು ಬಂದ್ರಂತೆ. ಅವ್ರು ಹೇಳ್ಕೊಟ್ಟ ಪದ ನಂಗಿನ್ನೂ ಬತ್ತದೆ ಕನಪ್ಪ."

ಅಷ್ಟು ಹೇಳಿ ಸೋಬಾನೆ ಪದ ಶುರುಮಾಡೇಬಿಟ್ಟರು. ಮೈಕಿಲ್ಲ, ತಾಳವಿಲ್ಲ. ದನಿ ಸಾಲುಗಂಬಗಳ ನಡುವೆ ಸುತ್ತಿ ಮತ್ತೆ ನಮ್ಮ ಕಿವಿಗೇ ಬಂತು. ಓಡಾಡುತ್ತಿದ್ದ ಮಕ್ಕಳು ಹತ್ತಿರ ಬಂದು ಕುಳಿತವು. ಅಪರಿಚಿತ ಹೆಂಗಸೊಬ್ಬರು ಸೊಲ್ಲಿಗೆ ಸೊಲ್ಲು ಸೇರಿಸಿದರು.

ರೆಕಾರ್ಡ್ ಮಾಡಬೇಕಿತ್ತು ಅಂತ ನಮಗೆ ಹೊಳೆದದ್ದು ಪದ ಮುಗಿದ ಮೇಲೆ. ಪತ್ರಿಕೋದ್ಯಮ ಓದಿದ ನಾಲ್ವರ ಕೈಯಲ್ಲೂ ಫೋನಿತ್ತು! ನಮಗೆ ಯಾರಿಗೂ ಆ ಪದ ಬರುವುದಿಲ್ಲ. ಅಜ್ಜಿಯ ಸೊಸೆಗೂ ಬರುವುದಿಲ್ಲ.

ಕಲ್ಲುಗಳಿಗೆ ಗುರುತು ಹಾಕಿದ್ದರಿಂದ ಗುಡಿ ಉಳಿಯಿತು. ಪದಗಳಿಗೆ ಗುರುತು ಹಾಕುವವರು ಯಾರು? ನಮ್ಮ ಸೀಮೆಯಲ್ಲಿ ಪೂಜಾ ಕುಣಿತ, ಕೋಲಾಟ, ಮೂಡಲಪಾಯ ಇನ್ನೂ ಇವೆ. ಶ್ರೀರಂಗಪಟ್ಟಣದ ದಸರಾ ವೇದಿಕೆ ವರ್ಷಕ್ಕೊಮ್ಮೆ ಮಾತ್ರ. ಕೊಳಲು ಹಿಡಿದ ದೇವರ ಈ ಅಂಗಳದಲ್ಲಿ, ದೇವಾಲಯದವರು ಒಪ್ಪಿದರೆ, ಹುಣ್ಣಿಮೆಗೊಂದು ಸಂಜೆ ಹಳ್ಳಿಯವರೇ ಕೂತು ಹಾಡಬಾರದೇ? ಪೆಂಡಾಲ್ ಬೇಡ, ಹಾರ ತುರಾಯಿ ಬೇಡ. ಒಂದು ಜಮಖಾನ ಸಾಕು.

ಕೇಳಿ ನೋಡುತ್ತೇವೆ. ಅದಕ್ಕೂ ಮೊದಲು, ಬರುವ ಭಾನುವಾರ ಅಜ್ಜಿಯ ಮನೆಗೆ ಹೋಗುತ್ತೇವೆ. ಸೆಲ್ಫಿ ಆಮೇಲೆ.