ಹಾಯಿ ಬಿಚ್ಚುವ ಮುನ್ನ

ಸಾಗರಯಾನವೆಂದೊಡನೆ ಮನಸ್ಸಿನ ಮುಂದೆ ನಿಲ್ಲುವುದು ಗಾಳಿ ತುಂಬಿದ ಹಾಯಿ, ಮೊರೆಯುವ ಅಲೆ, ದಡದಲ್ಲಿ ನೆರೆದವರ ಜಯಘೋಷ. ಆದರೆ ಯಾನದ ಅಳಿವು ಉಳಿವುಗಳು ನಿರ್ಧಾರವಾಗುವುದು ಬಹುಮಟ್ಟಿಗೆ ಅದಕ್ಕೂ ಮೊದಲು. ಹಗ್ಗದ ಸವೆತವನ್ನು ಬೆರಳಿನಿಂದ ತಡವಿ ನೋಡುವುದು, ಹಾಯಿಯ ಹೊಲಿಗೆಯನ್ನು ಪರೀಕ್ಷಿಸುವುದು, ಕಂಬವನ್ನು ಹಿಡಿದುನಿಲ್ಲಿಸಿದ ಉಕ್ಕಿನ ತಂತಿಗಳನ್ನು ಬಿಗಿಗೊಳಿಸುವುದು, ಧಾನ್ಯ, ನೀರು, ಔಷಧಿಗಳ ಲೆಕ್ಕವಿಡುವುದು: ಇವೆಲ್ಲ ಯಾರೂ ಚಪ್ಪಾಳೆ ತಟ್ಟದ ಕೆಲಸಗಳು.

ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯು ಗೋವೆಯಲ್ಲಿ ಮಾಂಡೋವಿ ಎನಿಸಿ ಕಡಲನ್ನು ಸೇರುತ್ತದೆ. ಆ ನದಿಯ ದೀವರ್ ದ್ವೀಪದಲ್ಲಿ ನಿರ್ಮಾಣಗೊಂಡು ನದಿಯ ಹೆಸರನ್ನೇ ಹೊತ್ತ 'ಮ್ಹಾದೇಯಿ' ಎಂಬ ಹಾಯಿನೌಕೆಯಲ್ಲಿ ನೌಕಾಪಡೆಯ ದಿಲೀಪ್ ದೋಂದೆಯವರು 2009ರ ಆಗಸ್ಟ್ ತಿಂಗಳಲ್ಲಿ ಮುಂಬಯಿಯಿಂದ ಹೊರಟು, 2010ರ ಮೇ ತಿಂಗಳಲ್ಲಿ ಮರಳಿದರು. ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿದ ಪ್ರಥಮ ಭಾರತೀಯರೆಂಬ ಕೀರ್ತಿ ಅವರದಾಯಿತು. ಯಾನಕ್ಕೆ ಹಿಡಿದುದು 9 ತಿಂಗಳು. ಸಿದ್ಧತೆಗೆ ಹಿಡಿದುದು ಸುಮಾರು 3 ವರ್ಷ. ಅನುಭವಿ ಆಂಗ್ಲ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ನರ ಬಳಿ ಅವರು ಶಿಷ್ಯವೃತ್ತಿ ಮಾಡಿದರು. ತಮ್ಮ ನೌಕೆಯು ರೂಪುಗೊಳ್ಳುವಾಗ ಜೊತೆಗಿದ್ದು ಅದರ ಅಂಗಾಂಗಗಳನ್ನು ಅರಿತರು.

ಮುಂದೆ ಅದೇ ದೋಂದೆಯವರು ಗುರುವಾದರು. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿಯವರ ನೇತೃತ್ವದ ಆರು ಮಂದಿ ಮಹಿಳಾ ಅಧಿಕಾರಿಗಳು ಅವರಲ್ಲಿ ಪಳಗಿದರು. ನಡುಗಡಲಿನಲ್ಲಿ ವೈದ್ಯನಿಲ್ಲ, ಬಡಗಿಯಿಲ್ಲ, ಅಂಗಡಿಯಿಲ್ಲ. ಆದುದರಿಂದ ಚುಕ್ಕಾಣಿ ಹಿಡಿಯುವವರೇ ಅಡಿಗೆಯವರೂ ಯಂತ್ರ ರಿಪೇರಿಯವರೂ ಆಗಬೇಕು. ಕತ್ತಲಲ್ಲಿ ಎದೆಗೆ ಪಟ್ಟಿ ಬಿಗಿದು, ಅದನ್ನು ನೌಕೆಗೆ ಸಿಕ್ಕಿಸಿಕೊಂಡು ಹಾಯಿ ಕುಗ್ಗಿಸಲು ಬರಬೇಕು. ಪಾಳಿಯ ಪ್ರಕಾರ ಎಚ್ಚರವಿದ್ದು, ಪಾಳಿ ಮುಗಿದೊಡನೆ ನಿದ್ರಿಸಲು ಕಲಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, 55 ಅಡಿಯ ನೌಕೆಯೊಳಗೆ ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಸಹಿಸಬೇಕು. ಇವನ್ನು ಪುಸ್ತಕವೊಂದೇ ಕಲಿಸಲಾರದು. ಅದಕ್ಕೆಂದೇ ಅವರು ಎರಡು ಸಲ ಮಾರಿಷಸ್ಸಿಗೆ, ಒಮ್ಮೆ ಗೋವೆಯಿಂದ ಕೇಪ್‌ಟೌನಿಗೆ ಯಾನ ಮಾಡಿ, ಒಟ್ಟು ಸುಮಾರು 20,000 ನಾವಿಕ ಮೈಲಿಗಳ ಅಭ್ಯಾಸ ಪಡೆದರು.

2017ರ ಸೆಪ್ಟೆಂಬರ್ 10ರಂದು 'ತಾರಿಣಿ' ಗೋವೆಯನ್ನು ಬಿಟ್ಟಿತು. ಆ ದಿನದ ಆಯ್ಕೆಯೂ ಸಿದ್ಧತೆಯ ಒಂದು ಅಂಗವೇ. ಮಳೆಗಾಲದ ಕೊನೆಗೆ ಹೊರಟರೆ ಭಯಂಕರವಾದ ಹಾರ್ನ್ ಭೂಶಿರವನ್ನು ಜನವರಿಯಲ್ಲಿ, ದಕ್ಷಿಣಾರ್ಧಗೋಳದ ಬೇಸಿಗೆಯಲ್ಲಿ, ದಾಟಬಹುದು. ಹಾಗಿದ್ದರೂ ಪೆಸಿಫಿಕ್ ಸಾಗರದಲ್ಲಿ ಗಂಟೆಗೆ 60 ನಾವಿಕ ಮೈಲಿಗೂ ಮೀರಿದ ಗಾಳಿ, 7 ಮೀಟರ್ ಎತ್ತರದ ಅಲೆಗಳು ಅವರನ್ನು ಪರೀಕ್ಷಿಸಿದವು. ಮನೆ ಸಮೀಪಿಸುತ್ತಿರುವಾಗ, 2018ರ ಏಪ್ರಿಲ್‌ನಲ್ಲಿ, ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿಯನ್ನು ತಿರುಗಿಸುವ ಯಂತ್ರವೇ ಕೆಟ್ಟಿತು. ನೌಕೆಯನ್ನು ಮಾರಿಷಸ್ಸಿನ ಪೋರ್ಟ್ ಲೂಯಿಗೆ ಸೇರಿಸಿ ದುರಸ್ತಿ ಮಾಡಿಸಬೇಕಾಯಿತು. ಅಭ್ಯಾಸಕ್ಕಾಗಿ ಎರಡು ಸಲ ಪಯಣಿಸಿದ್ದ ದ್ವೀಪವೇ ಆಪತ್ತಿನಲ್ಲಿ ಆಶ್ರಯವಾಯಿತು. ಮೇ 21ರಂದು, 254 ದಿನಗಳ ತರುವಾಯ, 21,600 ನಾವಿಕ ಮೈಲಿ ಕ್ರಮಿಸಿ ಆರೂ ಮಂದಿ ಕ್ಷೇಮವಾಗಿ ಗೋವೆಗೆ ಮರಳಿದರು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು: ಅಭ್ಯಾಸ 20,000, ಸಾಧನೆ 21,600. ಲೋಕವು ಎರಡನೆಯದನ್ನು ಮಾತ್ರ ಕೊಂಡಾಡಿತು. ಅದನ್ನು ಹೊತ್ತು ದಡ ಸೇರಿಸಿದುದು ಮೊದಲನೆಯದು. ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳು 2024ರ ಅಕ್ಟೋಬರ್‌ನಲ್ಲಿ ಹೊರಟು, 2025ರ ಮೇ ತಿಂಗಳಲ್ಲಿ ಪ್ರದಕ್ಷಿಣೆ ಪೂರೈಸಿದರು. ಅದರ ಹಿಂದೆಯೂ 3 ವರ್ಷಗಳ ಕಠಿಣ ತರಬೇತಿಯಿತ್ತು.

ದೋಣಿ ನಡೆಸುವುದನ್ನೇ ಕಾಯಕವಾಗಿ ಸ್ವೀಕರಿಸಿದ ಅಂಬಿಗರ ಚೌಡಯ್ಯನವರನ್ನು ಪಡೆದ ನಾಡಿಗೆ ಈ ಮಾತು ಹೊಸದಲ್ಲ. ನದಿಯಿರಲಿ, ಸಾಗರವಿರಲಿ, ದೋಣಿ ಏರಿದವರ ಪ್ರಾಣವು ಅಂಬಿಗನ ನಿತ್ಯದ ಎಚ್ಚರದಲ್ಲಿದೆ. ಶಾಲೆಯ ಕೆಲಸವೂ ಅಂಥದೇ. ಕಾಗುಣಿತ ತಿದ್ದುವ ಗುರು, ಪ್ರಸಾದನಿಲಯದ ಒಲೆ ಆರದಂತೆ ಅಕ್ಕಿ ಬೇಳೆ ಕಳುಹಿಸುವ ದಾಸೋಹಿ, ಕಾಣದ ದಡಗಳಿಗೆ ಹೊರಡಲಿರುವ ಮಕ್ಕಳ ಹಗ್ಗ ಹಾಯಿಗಳನ್ನು ಇಂದೇ ಸಜ್ಜುಗೊಳಿಸುತ್ತಿದ್ದಾರೆ. ಬಿರುಗಾಳಿ ಎದ್ದ ದಿನ ಅವರು ಜೊತೆಗಿರುವುದಿಲ್ಲ. ಅವರು ಬಿಗಿದ ಗಂಟು ಜೊತೆಗಿರುತ್ತದೆ.