ಅಗಲ ಮಾಡದೆ ಹಿಗ್ಗಿದ ಬೀದಿ

ಬೆಂಗಳೂರಿನ ಬ್ರಿಗೇಡ್ ರಸ್ತೆಯ ತಿರುವು ದಾಟಿ ಚರ್ಚ್ ಸ್ಟ್ರೀಟಿಗೆ ಕಾಲಿಡುತ್ತೀರಿ. ಬದಲಾವಣೆ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಡಾಂಬರು ಮುಗಿದು ಕಲ್ಲು ಶುರು. ತೆಳು ಚಪ್ಪಲಿಯಾದರೆ ಒಂದೊಂದು ಕಲ್ಲಿನ ಅಂಚೂ ತಾಗುತ್ತದೆ. ಹಿಂದಿನಿಂದ ಭರ್ರನೆ ಬಂದ ಸ್ಕೂಟರಿನ ಸದ್ದು ಕಲ್ಲಿಗೆ ಹತ್ತಿದ ಕೂಡಲೇ ಗರಗರ ಎಂದು ಬದಲಾಗುತ್ತದೆ, ಸವಾರ ತಾನಾಗಿಯೇ ಆಕ್ಸಿಲರೇಟರ್ ಸಡಿಲಿಸುತ್ತಾನೆ. ಹಂಪು ಹಾಕಿಲ್ಲ, ಪೊಲೀಸಪ್ಪ ನಿಂತಿಲ್ಲ. ವೇಗ ಇಳಿಸುವ ಕೆಲಸವನ್ನು ನೆಲವೇ ಮಾಡುತ್ತಿದೆ.

ಬೆಳಿಗ್ಗೆ ಮಾಲೂರಿನಲ್ಲಿ ರೈಲು ಹತ್ತಿ, ಕೆ.ಆರ್. ಪುರದಲ್ಲಿ ಇಳಿದು, ಪಕ್ಕದಲ್ಲೇ ಮೆಟ್ರೊ ಹಿಡಿದು ಎಂ.ಜಿ. ರಸ್ತೆಗೆ ಬಂದಿದ್ದೀರಿ. 2023ರ ಅಕ್ಟೋಬರ್‌ನಿಂದ ಕೋಲಾರದ ಕಡೆಯವರಿಗೆ ಈ ದಾರಿ ಸಲೀಸಾಗಿದೆ. ಅಂಗಡಿಗಳ ಷಟರ್ ಇನ್ನೂ ಅರ್ಧಕ್ಕರ್ಧ ಮುಚ್ಚಿವೆ. ಬೀದಿಯನ್ನು ನೋಡಬೇಕೆಂದರೆ ಇದೇ ಹೊತ್ತು ವಾಸಿ, ಜನ ತುಂಬಿದ ಮೇಲೆ ನೆಲ ಕಾಣುವುದಿಲ್ಲ.

ಬಗ್ಗಿ ಒಂದು ಕಲ್ಲನ್ನು ಮುಟ್ಟಿ ನೋಡಿ. ಅಂಗೈಯಲ್ಲಿ ಹಿಡಿಯಬಹುದಾದ ಗ್ರಾನೈಟ್ ತುಂಡು. ಮೇಲ್ಮೈಗೆ ಪಾಲಿಶ್ ಇಲ್ಲ, ಒರಟೊರಟು. ಹಾಗಿರಲೇಬೇಕು, ಇಲ್ಲದಿದ್ದರೆ ಮಳೆ ಬಿದ್ದಾಗ ಕಾಲು ಜಾರುತ್ತದೆ. ತಿರುಗಾಟ ಹೆಚ್ಚಿರುವ ಕಡೆ ಅಂಚು ಸವೆದು ದುಂಡಗಾಗಿದೆ, ಸಂದಿನಲ್ಲಿ ಮರಳು, ಒಂದು ಬಾಟಲಿ ಮುಚ್ಚಳ, ಒಣಗಿದ ಎಲೆ. ಟೇಕಲ್ ಸುತ್ತಿನ ಬಂಡೆಗಳಲ್ಲಿ ಸೈಜುಗಲ್ಲು ಒಡೆಯುವುದನ್ನು ಕಂಡವರಿಗೆ, ಶಿವಾರಪಟ್ಟಣದಲ್ಲಿ ಉಳಿಯ ಟಕಟಕ ಕೇಳಿದವರಿಗೆ, ಇದು ಹೊಸ ವಸ್ತುವೇನಲ್ಲ. ಕೋಲಾರದ ಸೋಮೇಶ್ವರ ದೇವಸ್ಥಾನದ ಪ್ರಾಕಾರದಲ್ಲಿ ಬರಿಗಾಲಲ್ಲಿ ನಡೆದವರ ಪಾದಕ್ಕೆ ಕಲ್ಲು ಎಂದೋ ಪರಿಚಯ. ಅದನ್ನು ಪೇಟೆ ಬೀದಿಗೆ ಹಾಸಬಹುದೆಂದು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ಎದ್ದು ನಿಂತು ಈಗ ಅಕ್ಕಪಕ್ಕ ನೋಡಿ. ಎರಡು ಬದಿಯ ಕಟ್ಟಡಗಳು ಮೊದಲು ಎಲ್ಲಿದ್ದವೋ ಅಲ್ಲೇ ಇವೆ. ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಬೀಳಲಿಲ್ಲ, ಜೆಸಿಬಿ ಯಾರ ಜಗಲಿಯನ್ನೂ ಕಿತ್ತುಹಾಕಲಿಲ್ಲ. ಇದ್ದ ಅಗಲವನ್ನೇ ಮತ್ತೆ ಹಂಚಿದ್ದಾರೆ: ಗಾಡಿಗೆ ಕಡಿಮೆ, ನಡೆಯುವವರಿಗೆ ಹೆಚ್ಚು. ಕಾಲುದಾರಿಗೂ ಗಾಡಿ ಓಡುವ ಜಾಗಕ್ಕೂ ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ನಡುವೆ ಗಿಡ್ಡ ಕಂಬಗಳು. ಮಗುವಿನ ಗಾಡಿ ತಳ್ಳುವ ತಾಯಿ ಎಲ್ಲೂ ಚಕ್ರ ಎತ್ತಿ ಇಳಿಸಬೇಕಿಲ್ಲ. ನಮ್ಮೂರುಗಳಲ್ಲಿ ಬೀದಿ ಸುಧಾರಣೆ ಎಂದರೆ ರಸ್ತೆ ಅಗಲೀಕರಣ, ಬೇರೆ ಅರ್ಥವೇ ಇಲ್ಲ. ಆ ಲೆಕ್ಕ ತಪ್ಪೆಂದು ತೋರಿಸಲು ಮುಕ್ಕಾಲು ಕಿಲೋಮೀಟರಿಗೂ ಕಡಿಮೆ ಉದ್ದದ ಈ ಬೀದಿ ಸಾಕು.

2017ರಲ್ಲಿ ಇಲ್ಲಿ ಅಗೆತ ಶುರುವಾದಾಗ ವ್ಯಾಪಾರಿಗಳು ತಿಂಗಳುಗಟ್ಟಲೆ ಧೂಳು ನುಂಗಿದರು. 2018ರ ಮೊದಲ ತಿಂಗಳುಗಳಲ್ಲಿ ಬೀದಿ ಜನರಿಗೆ ಸಿಕ್ಕಿತು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ಸಂಸ್ಥೆಯ ವಿನ್ಯಾಸ, ಟೆಂಡರ್‌ಶ್ಯೂರ್ ಮಾದರಿಯ ಕೆಲಸ. ಆ ಮಾದರಿಯ ಜೀವಾಳ ನಿಮ್ಮ ಕಾಲ ಕೆಳಗಿದೆ. ನಡೆಯುತ್ತ ಹೋದಂತೆ ಸಾಲಾಗಿ ಮುಚ್ಚಳಗಳು ಸಿಗುತ್ತವಲ್ಲ, ಅವುಗಳ ಅಡಿಯಲ್ಲಿ ನೀರು, ಒಳಚರಂಡಿ, ಮಳೆನೀರು, ವಿದ್ಯುತ್, ಕೇಬಲ್ಲು, ಎಲ್ಲಕ್ಕೂ ಬೇರೆ ಬೇರೆ ದಾರಿ. ರಿಪೇರಿ ಬಂದರೆ ಮುಚ್ಚಳ ತೆಗೆದರಾಯಿತು, ಬೀದಿ ಬಗೆಯಬೇಕಿಲ್ಲ ಎಂಬುದು ಇದರ ಹಿಂದಿನ ಯೋಚನೆ.

ಆದರೂ ಕೆಲವು ಕಡೆ ಕಲ್ಲು ಕುಸಿದದ್ದು, ಕಿತ್ತುಬಂದದ್ದು ಉಂಟು. ಕಲ್ಲುಹಾಸಿಗೆ ವರ್ಷವಿಡೀ ಆರೈಕೆ ಬೇಕು. ಉದ್ಘಾಟನೆಯ ಮರುದಿನ ಮರೆತುಬಿಡುವವರ ಕೈಗೆ ಇಂಥ ಬೀದಿ ಕೊಡಬಾರದು.

ಮುಂದೆ ನಡೆಯಿರಿ. ಬ್ಲಾಸಮ್ ಪುಸ್ತಕದಂಗಡಿಯ ಮುಂದೆ ಕಾಲೇಜು ಹುಡುಗಿಯೊಬ್ಬಳು ಚೀಲವನ್ನು ನೆಲಕ್ಕಿಟ್ಟು, ಈಗಷ್ಟೇ ಕೊಂಡ ಪುಸ್ತಕವನ್ನು ನಿಂತಲ್ಲೇ ಓದುತ್ತಿದ್ದಾಳೆ. ಯಾರೂ ಹಾರ್ನ್ ಹೊಡೆದು ಅವಳನ್ನು ಪಕ್ಕಕ್ಕೆ ಸರಿಸುತ್ತಿಲ್ಲ. ಇಂಡಿಯನ್ ಕಾಫಿ ಹೌಸ್ ಎಂ.ಜಿ. ರಸ್ತೆಯ ಹಳೆಯ ಜಾಗ ಬಿಟ್ಟು 2009ರಲ್ಲಿ ಈ ಬೀದಿಗೆ ಬಂತು, ಒಳಗೆ ಬಿಳಿ ಪೇಟದ ಸಪ್ಲೈಯರು ದೋಸೆಯ ತಟ್ಟೆ ಇಡುತ್ತಾರೆ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ಇಲ್ಲಿ ಗಾಡಿಗಳನ್ನೇ ನಿಲ್ಲಿಸಿದ್ದರು. ಆ ದಿನಗಳಲ್ಲಿ ಮಕ್ಕಳು ಬೀದಿಯ ನಟ್ಟನಡುವೆ ಓಡಾಡಿದರು. ಅದನ್ನು ಮುಂದುವರಿಸದೆ ಬಿಟ್ಟದ್ದು ದೊಡ್ಡ ನಷ್ಟ.

ಸೇಂಟ್ ಮಾರ್ಕ್ಸ್ ರಸ್ತೆಯ ತುದಿಗೆ ಬರುವ ಮೊದಲು ಒಂದು ಮುಚ್ಚಳದ ಪಕ್ಕ ನಿಲ್ಲಿ. ಈ ಭಾಗದ ಕೊಳಚೆ ಇಳಿಯುವುದು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ. ಅಲ್ಲಿ ಶುದ್ಧೀಕರಿಸಿದ ನೀರು 2018ರ ಜೂನ್‌ನಲ್ಲಿ ಮೊದಲು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಕೆರೆಯಿಂದ ಕೆರೆಗೆ ಕೋಡಿ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ನಮ್ಮ ರೈತರು ಕೇಳುತ್ತಲೇ ಇದ್ದಾರೆ, ನ್ಯಾಯವಾದ ಮಾತು. ಬೆಂಗಳೂರು ಬಳಸಿ ಬಿಟ್ಟ ನೀರು ನಮ್ಮಲ್ಲಿಗೆ ಬರಬಹುದಾದರೆ, ಬೆಂಗಳೂರು ಒಂದು ಬೀದಿಯಲ್ಲಿ ಕಲಿತದ್ದೂ ಬರಬೇಕು.

ಸಂಜೆ ಕೋಲಾರಕ್ಕೆ ಮರಳಿ ಕ್ಲಾಕ್ ಟವರ್ ಬಳಿ ನಿಂತರೆ ದೊಡ್ಡಪೇಟೆಯ ಕಡೆ ಹೊಸ ಕಣ್ಣಿನಿಂದ ನೋಡುತ್ತೀರಿ. ಹೂವಿನವರು, ತಳ್ಳುಗಾಡಿ, ಅಡ್ಡ ನಿಲ್ಲಿಸಿದ ಬೈಕು, ಇವುಗಳ ನಡುವೆ ಸೆರಗು ಸುತ್ತಿಕೊಂಡು ಜಾಗ ಹುಡುಕುವ ಅಜ್ಜಿ. ಕಿರಿದಾದ ಈ ಬೀದಿಗೆ ಕೆಡವುವವರು ಬೇಡ. ಬೈಕು ನಿಲ್ಲಿಸಲು ಪೇಟೆಯ ಹೊರಗೊಂದು ಜಾಗ ಕೊಡಿ, ತಳ್ಳುಗಾಡಿಯವರಿಗೆ ಅಲ್ಲೇ ಗೆರೆ ಹಾಕಿ ಸ್ಥಳ ಉಳಿಸಿ. ಆಮೇಲೆ ಒಂದೇ ಸಲ ಅಗೆದು ಮೊದಲು ಒಳಚರಂಡಿ, ಅದರ ಮೇಲೆ ನೀರಿನ ಪೈಪು, ಪಕ್ಕದಲ್ಲಿ ಕರೆಂಟಿನ ಕೊಳವೆ ಹಾಕಿ. ಎಲ್ಲಾ ಮುಗಿದ ಮೇಲೆ, ನಮ್ಮ ಜಿಲ್ಲೆಯ ಕೈಗಳೇ ಕಡಿದ ಕಲ್ಲು ಹಾಸಿ.