ತಪ್ಪಿದ್ದು ಯಾವ ಹಂತದಲ್ಲಿ?



ಎರಡು ತಿಂಗಳಿನಿಂದ ನನ್ನ ಬರಹವೇನೂ ಬಾರದಿದ್ದುದನ್ನು ಕಂಡು ನಿಮ್ಮಲ್ಲಿ ಹಲವರು ದೂರವಾಣಿ ಮಾಡಿ ಆರೋಗ್ಯ ವಿಚಾರಿಸಿದಿರಿ. ನಾನು ಕ್ಷೇಮವಾಗಿದ್ದೇನೆ. ಕಾಯಿಲೆ ಬಿದ್ದದ್ದು ನನ್ನ ಲ್ಯಾಪ್‌ಟಾಪು. 2013ರಲ್ಲಿ ನಾನು ನಿವೃತ್ತನಾದ ದಿನ ನೀವೇ ಹಲವರು ಹಣ ಕೂಡಿಸಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಕೈಗಿತ್ತ ಯಂತ್ರವದು. ಅದರ ಚಿಕಿತ್ಸೆಯ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಅದರ ಜೊತೆಗೆ, ಬಹುಕಾಲ ಹೇಳದೆ ಉಳಿಸಿಕೊಂಡಿದ್ದ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ.

2025ರ ನವೆಂಬರಿನಲ್ಲಿ ಒಂದು ಸಂಜೆ ಯಂತ್ರದೊಳಗಿನಿಂದ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎಂಬ ಸದ್ದು ಕೇಳತೊಡಗಿತು. ಪರದೆ ನಿಂತಲ್ಲೇ ನಿಂತಿತು. ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುವ ತಟ್ಟೆಯಿರುತ್ತದೆ. ಅದರ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಓದುವ ಮೊನೆಯೊಂದು ಚಲಿಸುತ್ತಿರುತ್ತದೆ. ಆ ಮೊನೆ ತನ್ನ ಜಾಗವನ್ನು ಹಿಡಿಯಲಾರದೆ ಮತ್ತೆ ಮತ್ತೆ ಹಿಂದಕ್ಕೆ ಬರುವಾಗ ಇಂಥ ಸದ್ದಾಗುತ್ತದಂತೆ. ಇದನ್ನರಿಯದ ನಾನು ಆರಿಸಿ ಹೊತ್ತಿಸುವ ಕ್ರಮವನ್ನು ಹತ್ತು ಸಲವಾದರೂ ಅನುಸರಿಸಿದೆ. ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕರೆ ಮಾಡಿದೆ. ಹೆಸರು ಹೇಳಿದರೆ ಅವನು ಸಂಕೋಚ ಪಡುತ್ತಾನೆ.

"ಸರ್, ದಯವಿಟ್ಟು ಇನ್ನೊಮ್ಮೆ ಆನ್ ಮಾಡಬೇಡಿ. ಒಂದೊಂದು ಸಲ ಆನ್ ಮಾಡಿದಾಗಲೂ ಉಳಿದಿರುವುದು ಕೆಡುತ್ತದೆ. ಮೊದಲು ಒಳಗಿನದನ್ನು ಉಳಿಸಿಕೊಳ್ಳೋಣ, ರಿಪೇರಿ ಆಮೇಲೆ" ಎಂದ.

ಡಿಸ್ಕನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ, ಬೆಂಗಳೂರಿಗೆ ಹೊರಟಿದ್ದ ಪಕ್ಕದ ಮನೆಯವರ ಕೈಯಲ್ಲಿ ಕಳುಹಿಸಿದೆ. ನಮ್ಮ ಮನೆಯವರು, "ರೀ, ಹನ್ನೆರಡು ವರ್ಷ ದುಡಿದಿದೆ. ನಿಮಗೆ ನಿವೃತ್ತಿ ಕೊಟ್ಟ ಹಾಗೆ ಅದಕ್ಕೂ ಕೊಟ್ಟುಬಿಡಿ" ಎಂದರು. ಮನಸ್ಸು ಒಪ್ಪಲಿಲ್ಲ. 500 ಜಿಬಿಯ ಹೊಸ ಎಸ್‌ಎಸ್‌ಡಿಯೊಂದನ್ನು ತರಿಸಿದೆ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಸದ್ದೂ ಇಲ್ಲ.

ಯಾವ ಆಪರೇಟಿಂಗ್ ಸಿಸ್ಟಮ್ ಹಾಕುವುದೆಂಬ ಪ್ರಶ್ನೆ ಬಂತು. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಪರಿಷ್ಕರಣೆಯ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ ಹೊಸ ಪೀಳಿಗೆಯ ಪ್ರೊಸೆಸರೂ ಇರಬೇಕು. ನನ್ನ ಯಂತ್ರಕ್ಕೆ ಎರಡೂ ಇಲ್ಲ. ಆದ್ದರಿಂದ ಲಿನಕ್ಸ್ ಮಿಂಟ್ 22 ಎಂದು ನಿಶ್ಚಯವಾಯಿತು. ಅದು ಉಚಿತ, 2029ರವರೆಗೆ ಪರಿಷ್ಕರಣೆಯೂ ದೊರೆಯುತ್ತದೆ. ಸುಮಾರು 3 ಜಿಬಿಯ ಕಡತವನ್ನು ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್ ಡ್ರೈವ್ ಸಿದ್ಧಮಾಡಿದೆ. ಬ್ಯಾಟರಿ ತೆಗೆದು, ತಿರುಪುಗಳನ್ನು ಸಾಲಾಗಿ ಬಟ್ಟಲಲ್ಲಿಟ್ಟು, ಹೊಸ ಡಿಸ್ಕನ್ನು ಕೂರಿಸಿದೆ. ಗುಂಡಿ ಒತ್ತಿದೊಡನೆ ಕಪ್ಪು ಪರದೆಯ ಮೇಲೆ ಒಂದೇ ಸಾಲು ಮೂಡಿತು: ಆರಂಭಿಸಬಲ್ಲ ಸಾಧನ ಯಾವುದೂ ಕಾಣಿಸುತ್ತಿಲ್ಲ. ಡಿಸ್ಕು ಖಾಲಿಯಲ್ಲವೇ, ಸಹಜವೇ ಎಂದುಕೊಂಡೆ.

ಪೆನ್ ಡ್ರೈವಿನಿಂದ ಯಂತ್ರ ಆರಂಭವಾಗಲಿಲ್ಲ. ಎಲ್ಲೋ ಓದಿದ ಸಲಹೆಯಂತೆ ಬಯಾಸ್ ಪುಟಕ್ಕೆ ಹೋಗಿ ಸೆಕ್ಯೂರ್ ಬೂಟ್ ನಿಲ್ಲಿಸಿದೆ, ಯುಇಎಫ್‌ಐ ಎಂದಿದ್ದುದನ್ನು ಲೆಗಸಿ ಮಾಡಿದೆ, ಸಾಧನಗಳ ಸರದಿಯನ್ನೂ ಬದಲಿಸಿದೆ. ಮೂರೂ ಬದಲಾವಣೆ ಒಂದೇ ಉಸಿರಿನಲ್ಲಿ. ಮಿಂಟ್ ತೆರೆದುಕೊಂಡಿತು. ಆದರೆ ಎಲ್ಲಿ ಅನುಸ್ಥಾಪಿಸಬೇಕೆಂದು ಕೇಳುವ ಪುಟದಲ್ಲಿ ಪೆನ್ ಡ್ರೈವೊಂದೇ ಇತ್ತು. ಹೊಸ ಡಿಸ್ಕಿನ ಸುಳಿವೇ ಇಲ್ಲ. ಕಡತವನ್ನು ಮತ್ತೆ ಇಳಿಸಿದೆ, ಪೆನ್ ಡ್ರೈವನ್ನು ಮೂರು ಸಲ ಹೊಸದಾಗಿ ಮಾಡಿದೆ, ಬೇರೆ ಪೆನ್ ಡ್ರೈವನ್ನೂ ತಂದೆ. ಮೂರು ದಿನ ಕಳೆಯಿತು.

ಮತ್ತೆ ಅವನಿಗೇ ಕರೆ. "ಸರ್, ಬಯಾಸ್ ಪುಟದಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ?"

ನೋಡಿದೆ. ಇರಲಿಲ್ಲ.

"ಹಾಗಾದರೆ ತಂತ್ರಾಂಶದ ಗೊಡವೆಯೇ ಈಗ ಬೇಡ. ಅದು ಎರಡನೆಯ ಹಂತ. ಮೊದಲನೆಯ ಹಂತದಲ್ಲೇ ಏನೋ ತಪ್ಪಿದೆ. ತೆರೆದು ನೋಡಿ ಸರ್."

ತೆರೆದು ನೋಡಿದಾಗ ತಿಳಿಯಿತು. ಹಳೆಯ ಡಿಸ್ಕಿನ ದಪ್ಪ 9.5 ಮಿಲಿಮೀಟರ್, ಹೊಸದರದು 7. ನನ್ನ ಯಂತ್ರದಲ್ಲಿ ಡಿಸ್ಕನ್ನು ಹಿಡಿದಿಡುವುದು ತಿರುಪಲ್ಲ, ಸುತ್ತಲಿನ ರಬ್ಬರು ಮತ್ತು ಮೇಲಿನ ಮುಚ್ಚಳದ ಒತ್ತಡ. ಎರಡೂವರೆ ಮಿಲಿಮೀಟರ್ ಸಡಿಲದಿಂದಾಗಿ ಡಿಸ್ಕು ಓರೆಯಾಗಿ, ಅದರ ಹಲ್ಲುಗಳು ಕೊಂಡಿಯೊಳಗೆ ಪೂರ್ತಿ ಕೂತಿರಲಿಲ್ಲ. ಹಳೆಯ ನೋಟ್‌ಪುಸ್ತಕದ ರಟ್ಟನ್ನು ಅಳತೆಗೆ ಕತ್ತರಿಸಿ ತುಂಬಿದೆ. (ಇದಕ್ಕೆಂದೇ ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ, ಆಮೇಲೆ ಅದನ್ನೇ ತರಿಸಿ ಹಾಕಿದೆ.) ಡಿಸ್ಕಿನ ಹೆಸರು ಕಾಣಿಸಿತು. ಅರ್ಧ ಗಂಟೆಯೊಳಗೆ ಅನುಸ್ಥಾಪನೆ ಮುಗಿಯಿತು.

ಸಂತೋಷದಿಂದ ಬಯಾಸ್ ಪುಟಕ್ಕೆ ಹೋಗಿ, ನಾನು ಬದಲಿಸಿದ್ದನ್ನೆಲ್ಲ ಮೊದಲಿನಂತೆಯೇ ಮಾಡಿಟ್ಟೆ. ತೆಗೆದ ವಸ್ತುವನ್ನು ತೆಗೆದಲ್ಲೇ ಇಡಬೇಕೆಂದು ನಿಮಗೆಲ್ಲ ಎಷ್ಟು ಸಲ ಹೇಳಿಲ್ಲ! ಯಂತ್ರವನ್ನು ಹೊತ್ತಿಸಿದೆ. ಅದೇ ಕಪ್ಪು ಪರದೆ, ಅದೇ ಸಾಲು: ಆರಂಭಿಸಬಲ್ಲ ಸಾಧನ ಯಾವುದೂ ಕಾಣಿಸುತ್ತಿಲ್ಲ.

ಈ ಸಲ ಡಿಸ್ಕು ಖಾಲಿಯಿರಲಿಲ್ಲ, ಸಡಿಲವೂ ಇರಲಿಲ್ಲ. ಲೆಗಸಿ ಕ್ರಮದಲ್ಲಿ ಹಾಕಿದ ವ್ಯವಸ್ಥೆಯನ್ನು, ಯುಇಎಫ್‌ಐಗೆ ಮರಳಿದ ಯಂತ್ರ ಬೇರೊಂದು ಜಾಗದಲ್ಲಿ ಹುಡುಕುತ್ತಿತ್ತು. ಎರಡು ಪದ್ಧತಿಗಳಲ್ಲಿ ಆರಂಭದ ಕಡತಗಳನ್ನಿಡುವ ಸ್ಥಳ ಬೇರೆ ಬೇರೆ. ನನ್ನ ಅಚ್ಚುಕಟ್ಟುತನವೇ ತಪ್ಪಾಗಿತ್ತು. ಅವನು ಹೇಳಿದಂತೆ ಯುಇಎಫ್‌ಐ ಕ್ರಮದಲ್ಲೇ ಉಳಿಸಿಕೊಂಡು, ಆರಂಭದ ಪಟ್ಟಿಯಲ್ಲಿ ಪೆನ್ ಡ್ರೈವಿನ ಹೆಸರಿನ ಹಿಂದೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ, ಇನ್ನೊಮ್ಮೆ ಅನುಸ್ಥಾಪಿಸಿದೆ. ಮೊದಲ ದಿನವೂ ಸರದಿಯೊಂದನ್ನು ಬದಲಿಸಿದ್ದರೆ ಸಾಕಾಗುತ್ತಿತ್ತೆಂದು ಆಗ ಗೊತ್ತಾಯಿತು. "ಸರ್, ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಕಾಗದದಲ್ಲಿ ಬರೆದಿಡಿ. ಹಂತ ಹಂತವಾಗಿ ಬರೆಯಿರಿ ಅಂತ ಹೇಳಿಕೊಟ್ಟವರೇ ನೀವು" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ.

ಖಾಲಿ ಡಿಸ್ಕು, ಸಡಿಲವಾದ ಡಿಸ್ಕು, ಪದ್ಧತಿ ಹೊಂದದ ಡಿಸ್ಕು. ಮೂರು ಬೇರೆ ಬೇರೆ ಕಾರಣಗಳಿಗೆ ಯಂತ್ರ ಕೊಟ್ಟದ್ದು ಒಂದೇ ಉತ್ತರ. ಆ ಉತ್ತರವನ್ನಷ್ಟೇ ನೋಡುತ್ತ ಕೂತಿದ್ದವನು ನಾನು. ಗಣಿತದ ಮೇಷ್ಟರಾಗಿಯೂ ಇದನ್ನೇ ಮಾಡಿದ್ದೆ.

1987-88ರ 8ನೇ ತರಗತಿಯವರಿಗೆ ಕೊನೆಯ ಬೆಂಚಿನ ಕಿಟಕಿಯ ಪಕ್ಕ ಕೂರುತ್ತಿದ್ದ, ಎತ್ತರದ, ಮಾತು ಕಡಿಮೆಯ ಹುಡುಗ ನೆನಪಿರಬಹುದು. ಎತ್ತರದವನೆಂದು ನಾನೇ ಅವನನ್ನು ಹಿಂದೆ ಕೂರಿಸಿದ್ದೆ. ಅವನ ಲೆಕ್ಕ ಒಂದೂ ಸರಿಯಾಗುತ್ತಿರಲಿಲ್ಲ. ಸೊನ್ನೆಯ ಮೇಲೆ ಸೊನ್ನೆ ಹಾಕಿದೆ. ಎಲ್ಲರೆದುರು ನಿಲ್ಲಿಸಿ ಬೈದೆ. ಒಂದು ದಿನ ಬೆತ್ತವನ್ನೂ ಎತ್ತಿದೆ. ಆ ವರ್ಷ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಸಂಸಾರದ ಕಷ್ಟವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೂರು ವರ್ಷಗಳ ನಂತರ ನಮ್ಮ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಹಿಂದಿನ ಬೆಂಚುಗಳ ಐದಾರು ಮಕ್ಕಳಿಗೆ ದೂರದ ಅಕ್ಷರ ಕಾಣದೆಂದು ವೈದ್ಯರು ಹೇಳಿದಾಗ ನನಗೆ ಆ ಹುಡುಗನ ನೆನಪಾಯಿತು. ಅಧ್ಯಾಪಕರ ಕೊಠಡಿಯ ಕಪಾಟಿನಲ್ಲಿ ಅವನ ಲೆಕ್ಕದ ಪುಸ್ತಕ ಹಾಗೆಯೇ ಬಿದ್ದಿತ್ತು. ತೆರೆದೆ. ನಾನು ಹಲಗೆಯ ಮೇಲೆ ಬರೆದಿದ್ದುದು 3,600 ರೂಪಾಯಿಗೆ ಶೇಕಡಾ 5ರಂತೆ 3 ವರ್ಷಗಳ ಸರಳಬಡ್ಡಿ. ಉತ್ತರ 540. ಅವನು ಬರೆದುಕೊಂಡದ್ದು 8,600. ಅದಕ್ಕೆ ಅವನು ತೆಗೆದ ಉತ್ತರ 1,290. 8,600ಕ್ಕೆ 1,290 ಸರಿಯಾದ ಉತ್ತರವೇ. ಸೂತ್ರ ಸರಿ, ಗುಣಾಕಾರ ಸರಿ, ಭಾಗಾಕಾರ ಸರಿ. ಪುಟ ತಿರುವಿದಂತೆ ಹಾಗೆಯೇ ಇತ್ತು: 3 ಇದ್ದಲ್ಲಿ 8, 6 ಇದ್ದಲ್ಲಿ 0. ತಪ್ಪು ಲೆಕ್ಕವನ್ನು ಸರಿಯಾಗಿ ಮಾಡಿದ್ದ. ಪ್ರತಿ ಪುಟದ ಕೆಳಗೂ ನನ್ನ ಕೆಂಪು ಸೊನ್ನೆ.

ಅವನ ಕಣ್ಣನ್ನು ಯಾರೂ ಪರೀಕ್ಷಿಸಿರಲಿಲ್ಲ, ಆದ್ದರಿಂದ ಖಚಿತವಾಗಿ ಹೇಳಲಾರೆ. ಆದರೆ ಆ ಪುಸ್ತಕವನ್ನು ಓದಿದ ಯಾವ ಮೇಷ್ಟರಿಗೂ ಸಂಶಯ ಬರಲೇಬೇಕಿತ್ತು. ನಾನು ಓದಿರಲಿಲ್ಲ, ಉತ್ತರ ನೋಡಿದ್ದೆ ಅಷ್ಟೆ. ಅಂದಿನಿಂದ ಹಂತಗಳಿಗೂ ಅಂಕ ಕೊಡತೊಡಗಿದೆ. ಲೆಕ್ಕದಲ್ಲಿ ಹಿಂದುಳಿದವರನ್ನು ಮೊದಲು ಮುಂದಿನ ಬೆಂಚಿಗೆ ಕರೆದು ಕೂರಿಸಿ ನೋಡತೊಡಗಿದೆ. ಅನಂತರದ ತಂಡದವರು ಈ ಮೇಷ್ಟರು ತಾಳ್ಮೆಯವರು ಎನ್ನುತ್ತಿದ್ದಿರಿ. ಆ ತಾಳ್ಮೆಗೆ ಬೆಲೆ ತೆತ್ತವನು ಯಾರೆಂದು ನಾನು ಯಾರಿಗೂ ಹೇಳಿರಲಿಲ್ಲ.

ಜನವರಿಯಲ್ಲಿ ಬೆಂಗಳೂರಿನಿಂದ ಪಾರ್ಸೆಲ್ ಬಂತು. ಹಳೆಯ ಡಿಸ್ಕಿನ ಆರೋಗ್ಯವಾದ ಭಾಗಗಳನ್ನು ಮೊದಲು ನಕಲಿಸಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಹಗಲಿರುಳು ಓಡಿಸಿ ಅವನು ಬಹುಪಾಲನ್ನು ಉಳಿಸಿದ್ದ. ಕೆಲವು ಭಾವಚಿತ್ರಗಳು ಹೋದವು. ನನ್ನ ಬರಹಗಳು ಬಂದವು. ಆದರೆ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದವೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರದಂತೆ ಕಂಡವು. ಕೆಟ್ಟೇ ಹೋಗಿವೆ ಎಂದು ಅಳಿಸಲು ಹೊರಟಿದ್ದೆ. ಕೈ ತಡೆದೆ. ಮೊದಲು ಕಾರಣ ನೋಡೋಣ ಎಂದುಕೊಂಡೆ. ಅಂದಿನ ಫಾಂಟುಗಳು ಯೂನಿಕೋಡಿನವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಪರಿವರ್ತಕವೊಂದಕ್ಕೆ ಹಾಕಿದೊಡನೆ ಪುಟ ಪುಟವೂ ಕನ್ನಡವಾಗಿ ಹೊರಬಂದಿತು. ಬರಹ ಕೆಟ್ಟಿರಲಿಲ್ಲ, ಓದುವ ಕ್ರಮ ತಪ್ಪಿತ್ತು.

ಅವುಗಳಲ್ಲಿ ಒಂದು ಕಡತ, ನಿವೃತ್ತಿಗೆ ಎಷ್ಟೋ ಮೊದಲು ನನ್ನ ಹಳೆಯ ದಿನಚರಿಗಳಿಂದ ಬೆರಳಚ್ಚು ಮಾಡಿಟ್ಟದ್ದು. ಒಂದೊಂದು ತಂಡದ ಒಬ್ಬೊಬ್ಬರ ಬಗ್ಗೆಯೂ ಎರಡು ಮಾತು. 1987-88ರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಎರಡೇ ಪದಗಳಿದ್ದವು: ಗಮನ ಸಾಲದು.

ಕಪಾಟಿನಲ್ಲಿ ಆ ಪುಸ್ತಕವನ್ನು ಕಂಡ ಎಷ್ಟೋ ವರ್ಷಗಳ ಮೇಲೆಯೂ ಆ ಎರಡು ಪದಗಳನ್ನು ತಿದ್ದದೆ ಹಾಗೆಯೇ ಬೆರಳಚ್ಚು ಮಾಡಿದ್ದೆ! ಗಮನ ಸಾಲದೆ ಹೋದದ್ದು ಯಾರದು?

ಈ ಬರಹವನ್ನು ಅದೇ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದೇನೆ. ಮೊದಲಿಗಿಂತ ಬೇಗ ತೆರೆದುಕೊಳ್ಳುತ್ತದೆ, ಸದ್ದಿಲ್ಲ. ನಿಮ್ಮಲ್ಲಿ ಯಾರಾದರೂ ಹಳೆಯ ಯಂತ್ರಕ್ಕೆ ಹೊಸ ಡಿಸ್ಕು ಹಾಕುವುದಿದ್ದರೆ ನನ್ನ ಅನುಭವದ ಮಾತು ಇಷ್ಟೇ: ಡಿಸ್ಕಿನಿಂದ ಸದ್ದು ಬಂದೊಡನೆ ನಿಲ್ಲಿಸಿ, ಒಳಗಿನದನ್ನು ಮೊದಲು ಉಳಿಸಿಕೊಳ್ಳಿ. ಬಯಾಸ್ ಪುಟದಲ್ಲಿ ಡಿಸ್ಕು ಕಾಣದಿದ್ದರೆ ತಂತ್ರಾಂಶವನ್ನು ದೂರಬೇಡಿ. ಯಾವ ಕ್ರಮದಲ್ಲಿ ಅನುಸ್ಥಾಪಿಸಿದಿರೋ ಆ ಕ್ರಮವನ್ನು ಬದಲಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ.

1987-88ರ ತಂಡದವರಲ್ಲಿ ಒಂದು ವಿನಂತಿ. ನಾನು ಹೇಳಿದ ಹುಡುಗ ಯಾರೆಂದು ನಿಮಗೆ ತಿಳಿದಿರುತ್ತದೆ. ಅವನ ಹೆಸರನ್ನು ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಅವನೀಗ ಐವತ್ತು ದಾಟಿದ ಗೃಹಸ್ಥನಾಗಿರಬೇಕು. ಎಲ್ಲಿದ್ದಾನೆಂದು ಬಲ್ಲವರಿದ್ದರೆ ನನಗೆ ದೂರವಾಣಿ ಮಾಡಿ. ಅವನ ಲೆಕ್ಕದ ಪುಸ್ತಕ ಈಗಲೂ ನನ್ನ ಬಳಿ ಇದೆ. ಕೆಂಪು ಸೊನ್ನೆಗಳ ಪಕ್ಕದಲ್ಲಿ ಹಂತ ಹಂತವಾಗಿ ಅಂಕ ಹಾಕಿ ಕೂಡಿಸಿ ಇಟ್ಟಿದ್ದೇನೆ. ಅವನು ಉತ್ತೀರ್ಣನಾಗಿದ್ದಾನೆ. ಆ ಪುಸ್ತಕವನ್ನು ಅವನ ಕೈಗೆ ನಾನೇ ಕೊಡಬೇಕು.